ಈಶಾನ್ಯದ ಕಂಬ

ಕಬ್ಬಿಣದ ಕಂಬದ ಮೇಲೇ ದಿಕ್ಸೂಚಿಯಿಟ್ಟು ನೋಡಿದ ವಾಸ್ತು ಪಂಡಿತರು ತಾರಸಿಯಲ್ಲೇ ತೀರ್ಪು ಕೊಟ್ಟರು. "ಈಶಾನ್ಯದಲ್ಲಿ ಕಬ್ಬಿಣ ನೆಟ್ಟಿದೀರಿ. ಏಳಿಗೆ ಎಲ್ಲಿಂದ ಬರ್ಬೇಕು? ನಾಳೆನೇ ಕೀಳ್ಸಿ."

ಅತ್ತೆ ತಲೆಯಾಡಿಸಿದರು.

ಚುಕ್ಕಿ ಮೂಡುವ ಹೊತ್ತಾಗಿತ್ತು. ಸೊಸೆ ತಾನು ನೆಡಿಸಿದ್ದ ಕಂಬದ ಮೇಲಿನ ಟೆಲಿಸ್ಕೋಪನ್ನು ಚುಕ್ಕಿಗಳ ಜೊತೆ ತಿರುಗಿಸುವ ಮೋಟಾರಿಗೆ ಸ್ಕೂಟರಿನ ಬ್ಯಾಟರಿ ಸಿಕ್ಕಿಸಿ, ಅದು ತಿರುಗುವ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ನೇರ ಮಾಡಿದಳು.

"ಉತ್ತರ ದಿಕ್ಕು ಇದು. ಕಬ್ಬಿಣದ ಮೇಲಿಟ್ರೆ ನಿಮ್ಮ ದಿಕ್ಸೂಚಿ ಮುಳ್ಳು ತಿರುಗದೆ ಇರುತ್ತಾ? ಈ ಮೂಲೆ ಈಶಾನ್ಯ ಅಲ್ಲ. ಕಂಬ ನಾನು ಕೀಳಲ್ಲ."

ಪಂಡಿತರು ಕಣ್ಣಿಟ್ಟು ನೋಡಿ ಬೆವರೊರೆಸಿಕೊಂಡರು. ಅತ್ತೆ ಕಾಫಿಗೆಂದು ಕೆಳಗಿಳಿದ ಮೇಲೆ ದನಿ ತಗ್ಗಿಸಿದರು.

"ಇದನ್ನ ತಗೊಂಡು ನಮ್ಮನೆಗೊಂದ್ಸಲ ಬರ್ತೀಯೇನಮ್ಮಾ? ಕಬ್ಬಿಣದ ಬೀರು ಮೇಲೆ ದಿಕ್ಸೂಚಿಯಿಟ್ಟು ನೋಡಿ, ನಮ್ಮ ಹೆಬ್ಬಾಗ್ಲನ್ನೇ ಮೂರ್ಸಲ ಒಡೆಸಿದೀನಿ."