ಇಲಿಗೆ ಕೊಟ್ಟ ಕಾವು

“ಸಾರ್, ದೀಪ ಅಷ್ಟು ಹತ್ರ ತರಬೇಡಿ. ನಿಧಾನಕ್ಕೆ ಕಾವು ಕೊಡ್ಬೇಕು, ಇಲ್ಲಾಂದ್ರೆ ಎದೆ ತಡ್ಕೊಳಲ್ಲ,” ಎಂದಳು ಸಂಶೋಧಕಿ.

“ಅಧ್ಯಕ್ಷರು ಊಟಕ್ಕೆ ಹೋಗೋದು ಬೇಡವೇನಮ್ಮ?” ಎನ್ನುತ್ತ ಪ್ರೊಫೆಸರ್ ದೀಪವನ್ನು ಇಲಿಯ ಬೆನ್ನಿಗೇ ಬಗ್ಗಿಸಿದರು. ಎದುರು ಕುರ್ಚಿಯಲ್ಲಿದ್ದ ಸಂಸ್ಥೆಯ ಅಧ್ಯಕ್ಷರು ತಲೆದೂಗಿದರು.

ಮಂಜುಗಡ್ಡೆಯ ಮೇಲೆ ಮಲಗಿಸಿ ತೆಗೆದ ಬಿಳಿ ಇಲಿ ಅವಳ ಅಂಗೈಯಲ್ಲಿ ಹತ್ತಿಯುಂಡೆಯಂತೆ ಬಿದ್ದಿತ್ತು. ಅದರ ಕಾಲಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ ಎರಡು ತಂತಿಗಳು ಎದೆಬಡಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತಿದ್ದವು. ಗಟ್ಟಿಮುಟ್ಟಾದ ಎದೆ ಗಡಿಯಾರದ ಹಾಗೆ ಬಡಿಯುವುದಿಲ್ಲ. ಬಡಿತ ಬಡಿತದ ನಡುವಿನ ಬಿಡುವು ಕೊಂಚ ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಚಳಿಗೆ ಕೆಟ್ಟ ಆ ಏರುಪೇರು ಕಾವು ಕೊಟ್ಟರೆ ಮರಳುತ್ತದೆಯೇ ಎಂಬುದೇ ಅವಳ ಪ್ರಬಂಧ. ಹಿಂದಿನ ಇಲಿಗಳೆಲ್ಲ ಅರ್ಧದಲ್ಲೇ ಕೈಕೊಟ್ಟಿದ್ದವು. ಮರಿಯಿಂದ ಸಾಕಿದ ಇದೊಂದು ಬದುಕಿದರೆ ಪದವಿ. ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ಅಂಗೈಯಲ್ಲಿದ್ದ ಇಲಿಯ ಮೈಯಲ್ಲಿ ಸಣ್ಣದೊಂದು ನಡುಕ ಹುಟ್ಟಿ ನಿಂತಿತು. ಪರದೆಯ ಮೇಲಿನ ಗೆರೆ ನೇಗಿಲ ಸಾಲಿನಂತೆ ನೆಟ್ಟಗೆ ಮಲಗಿತು.

“ಸಾರ್, ಹೋಯ್ತು.”

“ಎಲ್ಲಿಗೆ ಹೋಗುತ್ತೆ? ಕಾಲು ಒದ್ದೆ, ಕ್ಲಿಪ್ಪು ಜಾರಿದೆ ಅಷ್ಟೇ.” ಪ್ರೊಫೆಸರ್ ಎರಡು ತಂತಿಗಳ ತುದಿಯನ್ನು ಎರಡು ಕೈಯಲ್ಲಿ ಹಿಡಿದು, ಬರಿಬೆರಳಿನಿಂದಲೇ ಇಲಿಯ ಕಾಲಿಗೆ ಒತ್ತಿದರು. ಗೆರೆ ಪುಟಿದೆದ್ದಿತು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ಸಂಶೋಧಕಿ ಪರದೆಯ ಅಂಕಿ ನೋಡಿದಳು. ಬೆಚ್ಚಗಿರುವ ಇಲಿಯ ಎದೆ ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಬಡಿಯುತ್ತದೆ, ಇಲ್ಲಿದ್ದದ್ದು ಎಂಬತ್ತು. ಉಂಡುತಿಂದು ನೆಮ್ಮದಿಯಾಗಿರುವ ಗಂಡಸಿನ ಲೆಕ್ಕ ಅದು. ತಂತಿ ಹಿಡಿದವರ ಎದೆಯೇ ಪರದೆಯ ಮೇಲೆ ಓಡುತ್ತಿತ್ತು.

“ಮುಂದಿನ ನಿರ್ದೇಶಕರ ಕುರ್ಚಿಗೆ ನಿಮ್ಮ ಹೆಸರೂ ಇದೆ,” ಎಂದರು ಅಧ್ಯಕ್ಷರು. ಗೆರೆ ಕರು ನೆಗೆದಂತೆ ನೆಗೆಯಿತು.

“ಆದ್ರೆ ಪಕ್ಕದ ವಿಭಾಗದವರದೂ ಇದೆ.” ಗೆರೆ ಮುಗ್ಗರಿಸಿತು.

“ಭಾರಿ ಚೂಟಿ ಇಲಿ ಕಣ್ರೀ. ನಮ್ಮ ಮಾತೆಲ್ಲ ತಿಳಿಯೋ ಹಾಗಿದೆ,” ಎಂದು ಅಧ್ಯಕ್ಷರು ಎದ್ದು ಕೈ ಚಾಚಿದರು.

“ಎಲ್ಲ ತಮ್ಮ ಆಶೀರ್ವಾದ,” ಎಂದು ಪ್ರೊಫೆಸರ್ ತಂತಿ ಬಿಟ್ಟು ಕೈ ಕುಲುಕಿದರು. ಗೆರೆ ಮತ್ತೆ ಮಲಗಿತು. ಅವರು ತಿರುಗಿ ನೋಡಿ ಲೊಚಗುಟ್ಟಿದರು. “ಛೆ, ಈಗ್ತಾನೆ ಹೋಯ್ತು ನೋಡಿ. ಈ ಹುಡುಗಿಗೆ ಒಂದು ಇಲಿ ನೆಟ್ಟಗೆ ಹಿಡ್ಕೊಳಕ್ಕೆ ಬರಲ್ಲ.”

ಅವಳು ಇಲಿಯ ಕಿವಿಯನ್ನು ಹೆಬ್ಬೆರಳಿನಿಂದ ಒಮ್ಮೆ ನೇವರಿಸಿದಳು. ಕಾಲಿನ ಕ್ಲಿಪ್ಪು ಬಿಡಿಸಿ, ಇಲಿಯನ್ನಷ್ಟೇ ಒಯ್ದು ಅಧ್ಯಕ್ಷರ ಮುಂದಿನ ಮೇಜಿನ ಮೇಲೆ ಮಲಗಿಸಿದಳು.

“ಎಲ್ಲೂ ಹೋಗಿಲ್ಲ ಸಾರ್. ನೀವು ಇನ್ನೊಂದ್ಸಲ ತಂತಿ ಹಿಡ್ಕೊಳ್ಳಿ, ಬದುಕುತ್ತೆ,” ಎಂದಳು ಪ್ರೊಫೆಸರ್ ಕಡೆ ತಿರುಗಿ.

“ಹೌದಾ?” ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಮತ್ತೆ ಕೂತರು. “ಹಿಡೀರಿ, ನೋಡೇ ಬಿಡೋಣ.”

ಪ್ರೊಫೆಸರ್ ಹಿಡಿದರು. ಮೇಜಿನ ಮೇಲೆ ಇಲಿ, ಮೈಗೆ ಒಂದು ತಂತಿಯೂ ಇಲ್ಲದೆ, ನಾಲ್ಕು ಕಾಲು ಚಾಚಿ ಸೆಟೆದಿತ್ತು. ಪರದೆಯ ಮೇಲೆ ಅದರ ಎದೆ, ಹಿಂದೆಂದೂ ಬಡಿಯದಷ್ಟು ಜೋರಾಗಿ, ಡವಡವನೆ ಬಡಿದುಕೊಳ್ಳತೊಡಗಿತು.