ಐದನೇ ನಂಬರಿನ ಹೊಟ್ಟೆ

“ಸಿಕ್ತೋ, ಇಲ್ಲ ಇನ್ನೂ ತಡಕಾಡ್ತಾನೇ ಇದೀಯೋ?” ದೊಡ್ಡ ಡಾಕ್ಟರು ಕೇಳಿದರು.

‘ತಂತಿ’ ಎಂಬ ಅಡ್ಡಹೆಸರಿನ ಡಾಕ್ಟರು ಕೆಲಸ ಮುಂದುವರಿಸಿದಳು. ಅವಳ ಕಣ್ಣು ಪರದೆಯ ಮೇಲಿತ್ತು. ತೊಡೆಯ ಸಂದಿಯಲ್ಲಿ ಸೂಜಿಯಷ್ಟು ತೂತು. ಅದರೊಳಗೊಂದು ಸಣ್ಣ ನಳಿಗೆ, ನಳಿಗೆಯೊಳಗೆ ಕೂದಲೆಳೆಯಂಥ ತಂತಿ. ಎಕ್ಸ್‌ರೇ ಚಿತ್ರ ನೋಡುತ್ತ, ರಕ್ತನಾಳದ ಹಾದಿಯಲ್ಲೇ ಅದನ್ನು ಮೇಲಕ್ಕೆ ತಳ್ಳಿ, ಹೊಟ್ಟೆಯೊಳಗೆ ರಕ್ತ ಸೋರುವ ಜಾಗ ಹುಡುಕಬೇಕು. ಸಿಕ್ಕರೆ ಪ್ಲಾಟಿನಂ ಸುರುಳಿ ಬಿಟ್ಟು ಬಿರಡೆ ಜಡಿಯಬೇಕು. ಆಮೇಲೆ ಕಾಲು ಮಡಚದೆ ಆರು ಗಂಟೆ ಮಲಗಿದರೆ ಮುಗಿಯಿತು. ಇದಕ್ಕೆ ಚಿಕಿತ್ಸೆ ಅಂತ ಹೆಸರು! ದೊಡ್ಡ ಡಾಕ್ಟರ ಲೆಕ್ಕದಲ್ಲಿ ಇದು ಮೋರಿ ರಿಪೇರಿ.

ಅವರು ಇದೇ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಹೊಟ್ಟೆ ಕೊಯ್ದವರು. ಕಣ್ಣಾರೆ ಕಂಡು, ಕೈಯಾರೆ ಕಟ್ಟಿ, ಹೊಲಿದವರು. ರೋಗಿಯ ಹೆಸರು ಕೇಳುವ ಅಭ್ಯಾಸ ಮಾತ್ರ ಇರಲಿಲ್ಲ. “ಮೂರನೇ ನಂಬರಿನ ಪಿತ್ತಕೋಶ ಊಟ ಮಾಡ್ತಾ? ಒಂಬತ್ತನೇ ನಂಬರಿನ ಹರ್ನಿಯಾ ಮನೆಗೆ ಹೋಯ್ತಾ?” ಎಂದು ವಾರ್ಡೆಲ್ಲ ಕೇಳುವಂತೆ ವಿಚಾರಿಸುತ್ತಿದ್ದರು.

ಇವತ್ತಿನದು ಐದನೇ ನಂಬರಿನ ಹೊಟ್ಟೆ. ಬೆನ್ನುನೋವಿಗೆಂದು ವರ್ಷಗಟ್ಟಲೆ ಗುಳಿಗೆ ನುಂಗಿದ ಹೊಟ್ಟೆ. ಒಳಗೆ ಹುಣ್ಣಾಗಿ, ಹುಣ್ಣು ರಕ್ತನಾಳವನ್ನೇ ಕೊರೆದು, ಬೆಳಿಗ್ಗೆ ಬೇಸಿನ್ ತುಂಬ ರಕ್ತ ಕಾರಿತ್ತು. ಊರಿಗೆಲ್ಲ ಬುದ್ಧಿ ಹೇಳುವ, ತನ್ನ ವಿಷಯಕ್ಕೆ ಬಂದರೆ ಯಾರ ಮಾತಿಗೂ ಸೊಪ್ಪು ಹಾಕದ ಜಾತಿಯ ಮನುಷ್ಯ. ಇಂಥ ಹೊಟ್ಟೆಗಳಿಗೆ ದೊಡ್ಡ ಡಾಕ್ಟರ ಹತ್ತಿರ ಯಾವತ್ತೂ ಕನಿಕರ ಸಿಕ್ಕಿರಲಿಲ್ಲ.

“ಕೊಯ್ಯಿರಿ” ಎಂದು ಅವರು ಬೆಳಿಗ್ಗೆಯೇ ಹೇಳಿದ್ದರು. ಅರಿವಳಿಕೆ ಡಾಕ್ಟರು ಒಪ್ಪಲಿಲ್ಲ. ಎಪ್ಪತ್ತು ಸಮೀಪಿಸಿದ ಹೃದಯ, ಈಗಾಗಲೇ ಎರಡು ಸಲ ಪೆಟ್ಟು ತಿಂದಿದೆ, ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟರೆ ಮತ್ತೆ ಏಳುವುದಿಲ್ಲ ಎಂದುಬಿಟ್ಟರು. ತಂತಿಯ ದಾರಿಗೆ ಆ ಮದ್ದೇ ಬೇಡವಂತೆ. ಹೊಟ್ಟೆಯ ಹೆಂಡತಿಯಂತೂ, “ಕೊಯ್ಯೋದು ಬೇಡಮ್ಮ, ನಿನ್ನ ಕೈಗೆ ಒಪ್ಪಿಸಿದೀನಿ” ಎಂದು ತಂತಿಯ ಎರಡೂ ಕೈ ಹಿಡಿದುಕೊಂಡಳು. ಮೂವತ್ತೈದು ವರ್ಷದ ಅನುಭವ ಒಂದು ಕಡೆ, ಹೆಂಗಸಿನ ಕಣ್ಣೀರು ಒಂದು ಕಡೆ. ಯಾವುದು ಗೆದ್ದಿತೆಂದು ಬೇರೆ ಹೇಳಬೇಕೆ? ಕೊನೆಗೆ ದೊಡ್ಡ ಡಾಕ್ಟರೂ ಒಪ್ಪಿಗೆ ಕಾಗದಕ್ಕೆ ಸಹಿ ಗೀಚಿದ್ದರು. ಇವಳ ಕೈಲಿ ಆಗಲ್ಲ ಅನ್ನುವುದು ಊರಿಗೇ ಗೊತ್ತಾಗಲಿ ಎಂಬ ಹಟದಲ್ಲಿ ಗೀಚಿದ್ದರು.

ತಂತಿ ಎಂದು ಹೆಸರಿಟ್ಟವರೂ ಅವರೇ. ಅವರ ಕೈಕೆಳಗೆ ಗಂಟು ಹಾಕಲು ಕಲಿತು, ಆಮೇಲೆ ಕತ್ತಿ ಬಿಟ್ಟು ತಂತಿ ಹಿಡಿದು ಹೋದವಳು. ಎಂಟು ವರ್ಷದಿಂದ ಕಾರಿಡಾರಿನಲ್ಲಿ ಅವಳು ನಮಸ್ಕಾರ ಎಂದರೆ ಇವರು ಗೋಡೆ ನೋಡುತ್ತಿದ್ದರು.

ಕೋಣೆಯಲ್ಲಿ ಮೈ ಕೊರೆಯುವ ಚಳಿ. ಬೆಳಿಗ್ಗೆಯಿಂದ ದೊಡ್ಡ ಡಾಕ್ಟರಿಗೆ ಒಂದು ಗುಟುಕು ನೀರು ಕೊಟ್ಟವರಿಲ್ಲ. ತಂತಿ, ನರ್ಸು, ಟೆಕ್ನಿಷಿಯನ್, ಎಲ್ಲರ ಮೈಮೇಲೂ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಇತ್ತು. ಇವರಿಗೊಂದು ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎಂಥ ಕಾಲ ಬಂತಪ್ಪಾ!

“ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ,” ಎಂದರು ಗಟ್ಟಿಯಾಗಿ.

“ಉಸಿರು ಬಿಗಿ ಹಿಡೀರಿ,” ಎಂದಳು ತಂತಿ. “ಮಾತು ಬೇಡ ಸರ್, ಚಿತ್ರ ಕೆಡುತ್ತೆ.”

ದೊಡ್ಡ ಡಾಕ್ಟರ ಮೈಯೆಲ್ಲ ಒಮ್ಮೆಲೇ ಬಿಸಿಯಾಯಿತು. ತಿದ್ದಿ ಬೆಳೆಸಿದವರಿಗೇ ಬಾಯಿ ಮುಚ್ಚು ಅನ್ನುತ್ತಾಳೆ! ಆದರೂ ಅವರೂ ಉಸಿರು ಹಿಡಿದರು. ಪರದೆಯಲ್ಲಿ ರಕ್ತನಾಳಗಳು ಎಲೆ ಉದುರಿದ ಕೊಂಬೆಗಳ ಹಾಗೆ ಕಪ್ಪಗೆ ಮೂಡಿದವು. ಒಂದು ಕೊಂಬೆಯ ಪಕ್ಕದಿಂದ ಕಪ್ಪು ಹೊಗೆ ಏಳುತ್ತಿತ್ತು. ಸೋರುತ್ತಿದ್ದುದು ಅಲ್ಲೇ.

ತಂತಿ ಸುರುಳಿ ಬಿಟ್ಟಳು. ಮತ್ತೆ ಚಿತ್ರ. ಹೊಗೆ ಹಾಗೇ ಇತ್ತು.

“ಹಾಕಿದ ಮೇಲೂ ಸೋರ್ತಿದೆಯಲ್ಲೇ! ನಾ ಹೇಳಿರ್ಲಿಲ್ವಾ?”

“ಬಿಪಿ ಎಪ್ಪತ್ತು,” ಎಂದಳು ನರ್ಸು. ಯಂತ್ರ ಅರಚತೊಡಗಿತು.

ದೊಡ್ಡ ಡಾಕ್ಟರ ಕಣ್ಣು ಮಂಜಾಯಿತು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಹೆದರಿಕೆಯಾಯಿತು. ಮೂವತ್ತೈದು ವರ್ಷದಲ್ಲಿ ಯಾವ ಹೊಟ್ಟೆಗೂ ಅವರು ಹೀಗೆ ಹೆದರಿದವರಲ್ಲ.

“ಕಳ್ಳನಿಗೆ ಎರಡು ಬಾಗಿಲು ಅಂತ ನೀವೇ ಹೇಳಿಕೊಟ್ಟಿದ್ದು ಸರ್,” ತಂತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಇಲ್ಲಿ ರಕ್ತ ಎರಡೂ ಕಡೆಯಿಂದ ನುಗ್ಗುತ್ತೆ. ಹಿಂಬಾಗಿಲು ಮುಚ್ಚಿದೀನಿ. ಮುಂಬಾಗಿಲು ಇನ್ನೂ ಬಾಕಿ ಇದೆ.”

ಹೌದು, ಹೇಳಿಕೊಟ್ಟಿದ್ದರು. ಮೊದಲನೇ ದಿನದ ಪಾಠವೇ ಅದು. ಉಳಿದವರೆಲ್ಲ ಆಕಳಿಸುತ್ತಿದ್ದಾಗ ಬರೆದುಕೊಂಡವಳು ಇವಳೊಬ್ಬಳೇ.

ಇನ್ನೊಂದು ಸುರುಳಿ. ಅದರ ಮೇಲೆ ಮತ್ತೊಂದು. “ಉಸಿರು ಹಿಡೀರಿ.” ಚಿತ್ರ ಮೂಡಿತು. ಕೊಂಬೆಗಳಿದ್ದವು, ಹೊಗೆ ಇರಲಿಲ್ಲ. ಯಂತ್ರದ ಅರಚಾಟ ನಿಂತಿತು. “ತೊಂಬತ್ತು. ನೂರು,” ಎನ್ನುತ್ತ ನರ್ಸು ಕಣ್ಣೊರೆಸಿಕೊಂಡಳು.

ಒಂದು ಒಳ್ಳೆಯ ಮಾತು ದೊಡ್ಡ ಡಾಕ್ಟರ ಗಂಟಲತನಕ ಬಂದಿತ್ತು. ನುಂಗಿಕೊಂಡರು. ಶಿಷ್ಯೆಯನ್ನು ಹೊಗಳಿದರೆ ನಾಲಿಗೆ ಸವೆದು ಹೋದೀತಲ್ಲ!

“ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ,” ಎಂದರು. “ಸರಿ, ಈಗ ಹೇಗಿದೆ ಐದನೇ ನಂಬರಿನ ಹೊಟ್ಟೆ?”

ತಂತಿ ಮುಖದ ಮಾಸ್ಕು ಕೆಳಗೆಳೆದು ಅವರತ್ತ ಬಗ್ಗಿದಳು.

“ಹೊಟ್ಟೆ ಬದುಕಿತು ಸರ್, ಬಾಯಿಗಂತೂ ಮೊದಲಿಂದಲೂ ಏನೂ ಆಗಿರಲಿಲ್ಲ. ಬೆಳಿಗ್ಗೆ ನನ್ನ ಕೈ ಹಿಡಿದು, ಈಗ ಹೊರಗೆ ಕೂತಿರೋ ಅಮ್ಮನ್ನ ಕರೀತೀನಿ, ಆದರೆ ಇನ್ನು ಆರು ಗಂಟೆ ನಿಮ್ಮ ಬಲಗಾಲು ಮಡಚೋ ಹಾಗಿಲ್ಲ.”