ಅಪ್ಪನ ನಿಧಾನದ ಕಾರು

ಕೊರೋಚಿಯ ಮಗ್ಗದ ಶೆಡ್ಡಿನ ಹಿಂದೆ ಬಳ್ಳಿ ಹಬ್ಬಿ ನಿಂತಿರುವ ಹಳೆಯ ಕಾರನ್ನು ಕಂಡಾಗಲೆಲ್ಲ ನನಗೆ ಅಪ್ಪನ ಬಲಗೈ ನೆನಪಾಗುತ್ತದೆ.

ಮಗ್ಗಗಳ ಸದ್ದಿನಲ್ಲೇ ದುಡಿದು ಅಪ್ಪನ ಕಿವಿ ಮಂದವಾಗಿತ್ತು. ಮಗ್ಗದ ಮಾಲಕರು ಓಡಿಸಿ, ಹಳತಾದ ಮೇಲೆ ಬಿಟ್ಟಿದ್ದ ಕಾರನ್ನು ಕೊಂಡು, ನೂಲಿನ ಚಿಂದಿಯಿಂದ ಫಳಫಳ ಒರೆಸಿ, ರಜೆಯ ಮಧ್ಯಾಹ್ನ ನಮ್ಮನ್ನು ಗಡಹಿಂಗ್ಲಜಕ್ಕೆ ಕರೆದುಕೊಂಡು ಹೊರಟಿದ್ದ. ಏರಿನಲ್ಲಿ ಕಾರು ತೆವಳಿತು. ಹಿಂದಿನಿಂದ ಬಂದವರು ಹಾರ್ನ್ ಬಾರಿಸಿ, ದಾಟಿ ಹೋಗುವಾಗ ಕೈ ಎತ್ತಿ ಬೈಯುತ್ತಿದ್ದರು. ಅಪ್ಪ ನಗುತ್ತ ಕಿಟಕಿಯಿಂದ ಎಲ್ಲರಿಗೂ ಕೈ ಬೀಸುತ್ತಿದ್ದ.

"ನೋಡ ಬಾಳಾ, ನಮ್ಮ ಗಾಡಿ ನೋಡಿ ಎಲ್ಲಾರೂ ಕೈ ಮಾಡಾಕತ್ತಾರ!"

ನಾಚಿಕೆ ತಾಳಲಾರದೆ ನಾನು ಅವನ ಕಿವಿಯ ಹತ್ತಿರ ಕೂಗಿದೆ: "ಅಪ್ಪಾ, ಅವರು ನಿನಗ ಬೈಯಾಕತ್ತಾರ!"

ಅವ್ವ ನನ್ನ ತೊಡೆ ಚಿವುಟುವಷ್ಟರಲ್ಲಿ ತಡವಾಗಿತ್ತು. ಅಪ್ಪ ಕೈ ಒಳಗೆ ತೆಗೆದುಕೊಂಡು ಗಾಜು ಏರಿಸಿದ. ಅಂಥ ಸೆಕೆಯಲ್ಲೂ ಗಡಹಿಂಗ್ಲಜ ಬರುವವರೆಗೆ ಇಳಿಸಲಿಲ್ಲ.